ನೀರು ಸುರಿಯುವ ಹೆಂಗಸು

ಅಕ್ಕ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ, ಭವಿಷ್ಯ ನೋಡುವ ಅವಳ ಟ್ಯಾರೋ ಕಾರ್ಡುಗಳನ್ನು ಓದಲು ನಾನೇ ಕಲಿಯತೊಡಗಿದೆ. ಅವಳಂತೆಯೇ ಬೆಳಿಗ್ಗೆ ಒಂದು ಕಾರ್ಡು ತೆಗೆದು, ಹೊಲಿಗೆ ಯಂತ್ರದ ಹಾಸುಬಟ್ಟೆಯ ಮೇಲಿಟ್ಟು, ಸಂಜೆಯವರೆಗೂ ನೋಡುತ್ತಿದ್ದೆ.

ದಿನವೂ ಒಂದೇ ಕಾರ್ಡು ಬರುತ್ತಿತ್ತು: ನಕ್ಷತ್ರದ ಕೆಳಗೆ ಕೂತು ನೀರು ಸುರಿಯುವ ಹೆಂಗಸು. ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು, ಅಂಚು ಒದ್ದೆ.

"ನೆಟ್ಟಗೆ ಕಲೆಸೋಕೇ ಬರಲ್ಲ, ಇವಳು ಭವಿಷ್ಯ ಹೇಳ್ತಾಳಂತೆ!" ಎಂದು ಗದರಿದ ಅಮ್ಮ, ತಾನೇ ಕಲೆಸಿ ಒಂದು ಕಾರ್ಡು ಎಳೆದಳು. ಅದೇ ಹೆಂಗಸು. ಅಮ್ಮ ಒದ್ದೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

ಆ ಮಧ್ಯಾಹ್ನವೇ ಅಕ್ಕ ಕಣ್ಣು ಬಿಟ್ಟು ನೀರು ಕೇಳಿದಳು.

ಅವಳು ಚೇತರಿಸಿಕೊಂಡು ಎದ್ದು ಕೂತ ಮೇಲೆ, ನಾಚಿಕೆಯಾದರೂ ಎಲ್ಲವನ್ನೂ ಹೇಳಿದೆ. ಅಕ್ಕ ನಕ್ಕಳು.

"ಯಾವ ನಕ್ಷತ್ರಾನೇ ಹುಚ್ಚಿ? ನಾನು ತಗೊಂಡಾಗ್ಲೇ ಕಟ್ಟಲ್ಲಿ ಆ ಕಾರ್ಡು ಇರಲಿಲ್ಲ. ಅದಕ್ಕೇ ಅಲ್ವಾ ಅಂಗಡಿಯವನು ಅಷ್ಟು ಅಗ್ಗಕ್ಕೆ ಕೊಟ್ಟಿದ್ದು!"

ಮನೆಗೆ ಬಂದು ಕಟ್ಟನ್ನೆಲ್ಲ ಹರಡಿ ಹುಡುಕಿದೆ. ನಿಜವಾಗಿಯೂ ಇರಲಿಲ್ಲ.

ಈಗ ಅಕ್ಕ ಮನೆಯಲ್ಲಿದ್ದಾಳೆ, ಬೆಳಿಗ್ಗೆ ನನ್ನ ಪಕ್ಕದಲ್ಲೇ ಕೂತು ಕಾರ್ಡು ಕಲಿಸುತ್ತಾಳೆ. ಯಂತ್ರದ ಹಾಸುಬಟ್ಟೆಯನ್ನು ಎಷ್ಟೋ ಸಲ ಬಿಸಿಲಿಗೆ ಹಾಕಿದ್ದೇವೆ. ಕಾರ್ಡಿನಷ್ಟು ಅಗಲದ ಒಂದು ಜಾಗ ಮಾತ್ರ ಇನ್ನೂ ಒಣಗಿಲ್ಲ.