ನೆಲಮಾಳಿಗೆಯ ತಂಗಿಯ ದನಿ

ನಾನು ವಿಡಿಯೋ ಗೇಮ್‌ಗಳಿಗೆ ದನಿ ಕೊಟ್ಟು ಹೊಟ್ಟೆ ಹೊರೆಯುವವಳು. ದೆವ್ವಗಳಿಗೂ ಎಷ್ಟೋ ಸಲ ದನಿ ಕೊಟ್ಟಿದ್ದೇನೆ, ಹೆದರಿದವಳಲ್ಲ.

ಕಂತುಕಂತಾಗಿ ಬರುವ ಒಂದು ಆಟದಲ್ಲಿ ನಾನು ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದ ತಂಗಿ. ಅಣ್ಣನಾಗಿ ಆಡುವವರು ಬಾಗಿಲು ತೆಗೆದರೆ ಅವಳು ಬದುಕಿ ಎರಡನೇ ಭಾಗಕ್ಕೂ ಬರುತ್ತಾಳೆ. ಬಿಟ್ಟುಹೋದರೆ ಅಲ್ಲೇ ಸಾಯುತ್ತಾಳೆ. ಹಾಗಾಗಿ ಎರಡನೇ ಭಾಗಕ್ಕೆ ಬದುಕಿದವಳ ಮಾತನ್ನಷ್ಟೇ ಹೇಳಿದ್ದೆ.

ಒಂದು ಮಧ್ಯಾಹ್ನ ಧ್ವನಿಮುದ್ರಣ ನೋಡಿಕೊಳ್ಳುವ ಗುಂಡಣ್ಣ ನನ್ನನ್ನು ಸ್ಟುಡಿಯೋಗೆ ಕರೆಸಿದ.

"ಎರಡನೇ ಭಾಗದಲ್ಲಿ ಸತ್ತ ತಂಗಿಗೂ ಮಾತು ಹೇಳಿದ್ದೀಯಲ್ಲ, ಯಾವಾಗ ಬಂದಿದ್ದೆ ತಾಯಿ?"

"ನಾನೆಲ್ಲಿ ಬಂದೆ?" ಎನ್ನುತ್ತಾ ಹೆಡ್‌ಫೋನ್ ಹಾಕಿಕೊಂಡೆ. ಅದರ ಮೆತ್ತೆ ಒದ್ದೆ ಬಟ್ಟೆಯ ಹಾಗೆ ತಣ್ಣಗೆ ಕೊರೆಯುತ್ತಿತ್ತು. ಒಳಗೆ ನನ್ನದೇ ದನಿ. ಮರದ ಮೇಲೆ ಉಗುರು ಕೆರೆಯುವ ಸದ್ದು, ಆಮೇಲೆ "ಅಣ್ಣಾ, ಇದ್ದೀಯಾ?" ಮತ್ತೆ ಕೆರೆತ. ಅವಳು ಹಾಗೆ ಕೇಳಿದಾಗಲೆಲ್ಲ ಉತ್ತರಕ್ಕೆ ಕಾದಂತೆ ಒಂದಿಷ್ಟು ಹೊತ್ತು ಬರೀ ಉಸಿರು. ನಾನು ಉಸಿರು ಬಿಗಿಹಿಡಿದೆ, ಅವಳೂ ಹಿಡಿದಳು.

ಹೆಡ್‌ಫೋನ್ ಕಿತ್ತೆಸೆದೆ. ಗುಂಡಣ್ಣ ನಗುತ್ತಾ ಸ್ಪೀಕರ್ ಹಾಕಿದ.

"ಅಣ್ಣಾ, ಈ ಸಲವಾದ್ರೂ ಬಾಗಿಲು ತೆಗೀತೀಯಾ?"

"ಉತ್ತರ ಕೊಡಬೇಡ ಗುಂಡಣ್ಣಾ!" ಎಂದು ಕೂಗುವಷ್ಟರಲ್ಲಿ ಅವನು ತಮಾಷೆಗೆ, "ತೆಗೀತೀನಿ ಬಾರಮ್ಮಾ," ಅಂದುಬಿಟ್ಟ.

ಕೆರೆತ ನಿಂತಿತು.

ಅವನ ಮುಖದಲ್ಲಿ ನಗು ಇಂಗಿಹೋಯಿತು. ಅದೇ ಧ್ವನಿಮುದ್ರಣವನ್ನು ಮೊದಲಿಂದ ಹಾಕಿದ. ನನ್ನ ದನಿ ಎಲ್ಲೂ ಇರಲಿಲ್ಲ. ಉದ್ದಕ್ಕೂ ಮೌನ, ನಡುವೆ ಒಂದೇ ಮಾತು, ಅದೂ ಗುಂಡಣ್ಣನ ದನಿಯಲ್ಲಿ: "ತೆಗೀತೀನಿ ಬಾರಮ್ಮಾ."

ಆವತ್ತು ಆ ಕೋಣೆಯಲ್ಲಿ ಮೈಕೇ ಇರಲಿಲ್ಲ, ರಿಪೇರಿಗೆ ಹೋಗಿತ್ತು.