ಹುಡುಕುವ ಕಣ್ಣುಗಳು

ಎಲ್ಲರ ಒಳಗೂ ಕುಳಿತು ಎಲ್ಲವನ್ನೂ ನೋಡುವ, ನೋಡಿದ್ದನ್ನು ಯಾರ ಮುಂದೆಯೂ ಸಾರದ ಸರ್ವಸಾಕ್ಷಿ, ಹಲಸೂರಿನ ಸೋಮೇಶ್ವರನಿಗೆ ಮೊದಲ ನಮಸ್ಕಾರ. ಅವನ ಕಣ್ಣಳತೆಯಲ್ಲಿ ನಡೆದ ಈ ಸಂಗತಿಯನ್ನು ಕೂಡಿಸದೆ ಕಳೆಯದೆ ಹೇಳುವ ಬುದ್ಧಿಯನ್ನು ಅವನೇ ದಯಪಾಲಿಸಲಿ.

೨೦೦೮ರ ಜನವರಿ ಹದಿನೆಂಟು, ಶುಕ್ರವಾರ. ಮಧ್ಯಾಹ್ನ ಮೂರರ ಹೊತ್ತಿಗೆ ಬೆಂಗಳೂರಿನ ಗರುಡಾಚಾರ್‌ಪಾಳ್ಯದ ಸರಹದ್ದಿನ ಠಾಣೆಗೆ ಪ್ರತಿಭಾ ಎಂಬ ಹೆಣ್ಣುಮಗಳು ಬಂದಳು. ಗುಲಬರ್ಗಾ ಕಡೆಯವಳು, ಈಗ ಪಾಳ್ಯದ ಹತ್ತಿರದ ಕಚೇರಿಯೊಂದರಲ್ಲಿ ಕೆಲಸ. ಅವಳ ಮನೆಯಲ್ಲೇ ವಾಸವಿದ್ದ ತಂದೆ, ನಿವೃತ್ತ ಶಿಕ್ಷಕ ಭಗವಂತರಾಯರು, ಬೆಳಿಗ್ಗೆಯಿಂದ ಮನೆಯಲ್ಲಿಲ್ಲ. ಇನ್ಸ್‌ಪೆಕ್ಟರ್ ಮುನಿಆಂಜನಪ್ಪ ಕುರ್ಚಿ ತೋರಿಸಿ ಪ್ರಶ್ನೆಗೆ ಇಳಿದರು.

"ಎಷ್ಟೊತ್ತಿಗೆ ಹೋದ್ರು?"

"ಗೊತ್ತಿಲ್ರಿ. ನಾ ಒಂಬತ್ತಕ್ಕ ಆಫೀಸಿಗೆ ಹೋದೆ. ಊಟಕ್ಕ ಬಂದಾಗ ಬಾಗಲಾ ತೆರದೇ ಇತ್ತು."

"ಮರೆವು ಇದೆಯಾ?"

"ಒಮ್ಮೊಮ್ಮೆ ನನ್ನ ಹೆಸರೂ ಮರೀತಾರ್ರಿ. ಅದಲ್ಲ ಸರ ಹೆದರಿಕಿ. ಸಕ್ರಿ ಕಾಯಿಲೆ ಅದ. ಎರಡೂ ಹೊತ್ತು ಇನ್ಸುಲಿನ್ ನಾನೇ ಚುಚ್ಚತೀನಿ. ಹೋದ ವರ್ಷ ಎರಡ ದಿನ ತಪ್ಪಿತ್ತು, ಎಚ್ಚರಾನೇ ಇರಲಿಲ್ಲ. ಡಾಕ್ಟರು ಇನ್ನ ಸ್ವಲ್ಪ ತಡಾ ಆಗಿದ್ರ ಉಳೀತಿರಲಿಲ್ಲ ಅಂದ್ರು."

ಮುನಿಆಂಜನಪ್ಪ ಗೋಡೆಯ ಗಡಿಯಾರ ನೋಡಿದರು. ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ನಿಸ್ತಂತುವಿನಲ್ಲಿ ಚಹರೆ ಹೋಯಿತು. ಕಾನ್‌ಸ್ಟೇಬಲ್ ಅಹ್ಮದ್ ಪಾಷಾ ಬಸ್ ನಿಲ್ದಾಣಗಳ ಕಡೆ ಹೊರಟ.

ಸಂಜೆ ಒಬ್ಬ ಯುವಕ ಲ್ಯಾಪ್‌ಟಾಪ್ ಹಿಡಿದುಕೊಂಡು ತಾನಾಗಿಯೇ ಠಾಣೆಗೆ ಬಂದ. ಹೆಸರು ಪ್ರವೀಣ, ಬಾಗಲಕೋಟೆಯವನು. ಪ್ರತಿಭಾಳ ಮನೆಯಿಂದ ಎರಡು ಬೀದಿ ಆಚೆ ವಾಸ. ಕಂಬಕ್ಕೆ ಅವಳು ಅಂಟಿಸಿದ್ದ ಚೀಟಿ ನೋಡಿ ಬಂದೆನೆಂದ. ಕಾಣೆಯಾದವರನ್ನು ಹುಡುಕುವುದಕ್ಕಾಗಿ ಆರ್ಕುಟ್ ಎಂಬ ಅಂತರ್ಜಾಲ ತಾಣದಲ್ಲಿ 'ಹುಡುಕುವ ಕಣ್ಣುಗಳು' ಎಂಬ ಬಳಗ ನಡೆಸುತ್ತಿದ್ದನಂತೆ.

"ಎಷ್ಟು ಜನ ಇದ್ದೀರಿ?"

"ನಾಕ ನೂರ್ರಿ ಸರ. ಮುಂಜಾನಿ ಅನ್ನೋದ್ರಾಗ ಸಾವಿರ ಮಾಡ್ತೀನಿ. ಅಜ್ಜಾರ ಫೋಟೋನ ಎಲ್ಲಾರೂ ತಮ್ಮ ಫೋಟೋದ ಜಾಗಾದಾಗ ಹಾಕ್ಕೋಬೇಕು, ಒಬ್ಬೊಬ್ಬರು ಹತ್ತ ಮಂದಿಗೆ ಸ್ಕ್ರ್ಯಾಪ್, ಅಂದ್ರ ಸಂದೇಶ, ಕಳಸಬೇಕು ಅಂತ ಬರದೀನ್ರಿ."

ಮುನಿಆಂಜನಪ್ಪನವರಿಗೆ ಇದು ಹೊಸ ಲೋಕ. ಪಾಷಾನ ಮುಖ ನೋಡಿದರು.

"ನನ್ ಮಗನೂ ಇಪ್ಪತ್ನಾಕ್ ಗಂಟೆ ಅದ್ರಲ್ಲೇ ಬಿದ್ದಿರ್ತಾನೆ ಸಾರ್," ಎಂದ ಪಾಷಾ. "ಮೊದ್ಲು ಅವನನ್ನ ಹುಡುಕ್‌ಕೊಟ್ರೆ ಇವ್ರಿಗೆ ಕೈ ಮುಗೀತೀನಿ."

ಪ್ರವೀಣ ನಗಲಿಲ್ಲ. ಠಾಣೆಯ ಮೂಲೆಯ ಬೆಂಚಿನಲ್ಲಿ ಕುಳಿತು, ರಾತ್ರಿಯಾಗುವವರೆಗೆ ಪರದೆಯಿಂದ ಕಣ್ಣು ಕೀಳಲಿಲ್ಲ. ಆ ಶ್ರದ್ಧೆಯನ್ನು ಕಂಡು ಮುನಿಆಂಜನಪ್ಪ ಅವನಿಗೊಂದು ಚಹಾ ತರಿಸಿಕೊಟ್ಟರು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಬಳಗದಲ್ಲಿ ಒಂದು ಚಿತ್ರ ಬಂತು. ಹಾಕಿದವನ ಹೆಸರಿನ ಜಾಗದಲ್ಲಿ 'ಶುಭಚಿಂತಕ' ಎಂದಷ್ಟೇ ಇತ್ತು. ಮನೆಯೊಂದರ ಮುಂದಿನ ರಂಗೋಲಿಯ ಪಕ್ಕದಲ್ಲಿ ಭಗವಂತರಾಯರು ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ಕೆಳಗೆ, 'ಇಂದು ಬೆಳಿಗ್ಗೆ ಎಂಟು ಗಂಟೆಗೆ, ಮರ್ಫಿ ಟೌನ್' ಎಂಬ ಒಕ್ಕಣೆ. ಪ್ರತಿಭಾ ಪರದೆಯ ಮೇಲೆ ಕೈಯಿಟ್ಟು, "ಜೀವ ಅದ," ಎಂದಳು.

ಠಾಣೆಯ ಜೀಪು, ಇದ್ದಬದ್ದ ಸಿಬ್ಬಂದಿ ಎಲ್ಲ ಮರ್ಫಿ ಟೌನ್ ಕಡೆ ತಿರುಗಿತು. ಅವರಿಗಿಂತ ಮೊದಲೇ ಬಳಗದ ಜನ ಅಲ್ಲಿ ತುಂಬಿಕೊಂಡಿದ್ದರು. ಕೈಯಲ್ಲಿ ಅಚ್ಚು ಹಾಕಿಸಿದ ಚಿತ್ರ, ಕತ್ತಿನಲ್ಲಿ ಕಚೇರಿಯ ಗುರುತುಪಟ್ಟಿ. ಚಿತ್ರದಲ್ಲಿದ್ದ ಮನೆಯೂ ಸಿಕ್ಕಿತು. ಮನೆಯಾಕೆ ಆಂಜನಮ್ಮ, ಬೆಳಿಗ್ಗೆ ಯಾವ ಮುದುಕನೂ ಬಂದಿಲ್ಲವೆಂದಳು. "ಆಂಟಿ, ಫೋಟೋದಲ್ಲೇ ಇದ್ಯಲ್ಲಾ, ಸುಳ್ ಯಾಕ್ ಹೇಳ್ತೀರಾ?" ಎಂದು ಗುಂಪಿನಲ್ಲೊಬ್ಬ ದನಿಯೇರಿಸಿದ. ಆಕೆ ಬಾಗಿಲು ಹಾಕಿಕೊಂಡಳು.

ಮೂರು ಗಂಟೆಗೆ ಅದೇ ಶುಭಚಿಂತಕನ ಇನ್ನೊಂದು ಸಾಲು: 'ರಸೆಲ್ ಮಾರುಕಟ್ಟೆಯ ಹೂವಿನ ಅಂಗಡಿಗಳ ಬಳಿ ಈಗ ತಾನೇ ಕಂಡೆ.' ಜನವೆಲ್ಲ ಅಲ್ಲಿಗೆ ನುಗ್ಗಿತು. ಅಲ್ಲಿಯೂ ಇಲ್ಲ. ಸಂಜೆಯ ಹೊತ್ತಿಗೆ ಬಳಗ ಆರು ಸಾವಿರ ದಾಟಿತ್ತು. ಭಗವಂತರಾಯರಿಗೆ ತಪ್ಪಿದ ಇಂಜೆಕ್ಷನ್ ಮೂರಾಗಿತ್ತು.

"ಇಷ್ಟು ಜನ ಹೇಗೆ ಬಂದ್ರಯ್ಯ?" ಎಂದು ಮುನಿಆಂಜನಪ್ಪ ಕೇಳಿದರು.

"ಮಂದಿ ಒಮ್ಮೆ ನೋಡಿ ಹೊಂಟು ಹೋಗ್ತಾರ್ರಿ ಸರ," ಎಂದ ಪ್ರವೀಣ. "ಹಿಡದ ಕೂಡಸಬೇಕಂದ್ರ ತಾಸಿಗೊಂದು ಹೊಸಾ ಸುದ್ದಿ ಬೇಕ್ರಿ. ಸುದ್ದಿ ನಿಂತ್ರ ಕಣ್ಣೂ ಹೋಗ್ತಾವ. ನಾಳೆ ಐತವಾರ ಸಂಜೀಕ ಹಲಸೂರು ಕೆರಿ ದಂಡಿಗೆ ಎಲ್ಲಾರನ್ನೂ ಕೂಡಸಾಕತ್ತೀನಿ. ನಾಳೆ ಸಿಕ್ಕೇ ಸಿಗ್ತಾರ್ರಿ ಅಜ್ಜಾರು."

ಭಾನುವಾರ ಮುಂಜಾನೆ ಮುನಿಆಂಜನಪ್ಪ ಸ್ನಾನಕ್ಕೆಂದು ಮನೆಗೆ ಹೋದರು. ಅವರದು ನಗರದ ಪೂರ್ವ ಅಂಚಿನ ಹಳೆಯ ಹಳ್ಳಿಯೊಂದರ ಬೇಸಾಯದ ಮನೆತನ. ಹೊಲಗಳು ಬಡಾವಣೆಯಾಗಿದ್ದರೂ ಅಂಗಳದ ಆಚಾರ ಬಿಟ್ಟಿರಲಿಲ್ಲ. ತಾಯಿ ಮುನಿಶಾಮಮ್ಮ ಬಾಗಿಲಲ್ಲಿ ಬಗ್ಗಿ ರಂಗೋಲಿ ಎಳೆಯುತ್ತಿದ್ದರು. ಮಗ ದಾಟಲು ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕಿಟ್ಟ.

"ಅಮ್ಮಾ, ಸಗಣಿ ಉಂಡೆ ಮೇಲೆ ಕುಂಬಳದ ಹೂವು ಇಡ್ತಿದ್ಯಲ್ಲ, ಎಲ್ಲಿ?"

"ಸಂಕ್ರಾಂತಿ ಆಗೋಯ್ತಲ್ಲಪ್ಪ, ಧನುರ್ಮಾಸ ಮುಗೀತು. ಇನ್ನೂ ಇಡಕ್ಕೆ ನಂಗೇನು ಹುಚ್ಚಾ? ಪೊಲೀಸ್ ಕೆಲ್ಸ ಸೇರಿ ತಿಥಿ ವಾರ ಎಲ್ಲ ಮರ್ತುಬಿಟ್ಯಾ?"

ಮುನಿಆಂಜನಪ್ಪ ಸ್ನಾನ ಮಾಡಲಿಲ್ಲ. ಜೇಬಿನಿಂದ ಮರ್ಫಿ ಟೌನಿನ ಚಿತ್ರದ ಪ್ರತಿಯನ್ನು ತೆಗೆದರು. ಭಗವಂತರಾಯರ ಮೊಣಕಾಲಿನ ಪಕ್ಕ, ರಂಗೋಲಿಯ ನಡುವೆ ಸಗಣಿಯ ಉಂಡೆ. ಅದರ ಮೇಲೆ ಬಾಡದ ಹಳದಿ ಕುಂಬಳದ ಹೂವು. ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ತೆಗೆದದ್ದೆಂದು ಹೇಳುವ ಚಿತ್ರದಲ್ಲಿ ಧನುರ್ಮಾಸದ ಹೂವು. ಚಿತ್ರ ಹಾಕಿದವನಿಗೆ ಈ ಸೀಮೆಯ ವ್ರತ ಯಾವತ್ತಿಗೆ ಮುಗಿಯುತ್ತದೆಂಬುದು ತಿಳಿದಿರಲಿಲ್ಲ.

ಎಂಟೂವರೆಗೆ ಅವರು ಆಂಜನಮ್ಮನ ಬಾಗಿಲು ತಟ್ಟಿದರು.

"ಈ ಹೂವು ನೀವಿಟ್ಟಿದ್ದಾ?"

"ನಾನೇ ಸಾರ್. ಭೋಗಿ ದಿನಕ್ಕೆ ನಿಲ್ಸಿಬಿಟ್ಟೆ."

"ಹಾಗಾದ್ರೆ ಈ ತಾತನ್ನ ಅದಕ್ಕೂ ಮುಂಚೆ ನೋಡಿದ್ರಾ?"

"ನೋಡ್ದೆ ಸಾರ್. ಒಬ್ಬ ಹುಡುಗ ಬೈಕಲ್ಲಿ ಕೂರಿಸ್ಕೊಂಡು ಬಂದಿದ್ದ. ದೇವಸ್ಥಾನಕ್ಕೆ ಹೋಗ್ತಿದೀವಿ, ಕೋಲಂ ಚೆನ್ನಾಗಿದೆ ಅಂತ ಫೋಟೋ ತೆಗ್ದ. 'ಅಜ್ಜಾರ, ಈ ಕಡಿ ನೋಡ್ರಿ' ಅಂತಿದ್ದ. ಹೆಲ್ಮೆಟ್ ತೆಗೀಲೇ ಇಲ್ಲ, ಮುಖ ಗೊತ್ತಾಗ್ಲಿಲ್ಲ."

"ನೆನ್ನೆ ಯಾಕಮ್ಮ ಹೇಳ್ಲಿಲ್ಲ?"

"ನೆನ್ನೆ ನೀವ್ ಕೇಳಿದ್ದು ಇವತ್ತು ನೋಡಿದ್ರಾ ಅಂತ. ಕೇಳಿದ್ದಕ್ಕೆ ಹೇಳ್ದೆ. ಮಿಕ್ಕಿದ್ದು ಹೇಳೋಕೆ ಆ ಪಸಂಗ್ರು, ಆ ಗಲಾಟೆ ಹುಡುಗ್ರು, ಎಲ್ಲಿ ಬಿಟ್ರು?"

ಪ್ರತಿಭಾಳನ್ನು ಫೋನಿನಲ್ಲಿ ಕೇಳಿದರು. "ಊರಿನ ಹುಡುಗ ಗುಡಿಗೆ ಕರಕೊಂಡು ಹೋಗಿದ್ದ ಅಂತ ಅಪ್ಪಾ ಹೇಳ್ತಿದ್ರು ಸರ. ಮರವಿನ ಮಾತು ಅಂತ ನಾನೇ ಬೈದು ಸುಮ್ಮನಾಗಿಸಿದ್ದೆ."

ಎರಡು ದಿನದಿಂದ ಠಾಣೆಯ ಮೂಲೆಯಲ್ಲಿ ಕುಳಿತು 'ಅಜ್ಜಾರು, ಅಜ್ಜಾರು' ಎನ್ನುತ್ತಿದ್ದವನು ಒಬ್ಬನೇ. ಆದರೆ ಭಾಷೆ ಸಾಕ್ಷಿಯಾಗದು. ಹಿಡಿದು ಕೂರಿಸಿದರೆ ಅವನು ಬಾಯಿ ಬಿಡುವವರೆಗೆ ಕಾಯಬೇಕು, ಅಷ್ಟು ಹೊತ್ತು ಭಗವಂತರಾಯರ ದೇಹ ಕಾಯುತ್ತದೆಯೇ? ಮುನಿಆಂಜನಪ್ಪ ಪಾಷಾನನ್ನು ಮಫ್ತಿಯಲ್ಲಿ ಠಾಣೆಯ ಹೊರಗೆ ಸ್ಕೂಟರಿನ ಬಳಿ ನಿಲ್ಲಿಸಿ ಒಳಗೆ ಬಂದರು. ಪ್ರವೀಣನ ಪಕ್ಕದಲ್ಲೇ ಕುಳಿತರು.

"ನಿಮ್ಮ ಬಳಗಕ್ಕೆ ಹಾಕ್ಬೇಡಿ, ನಿಮಗೆ ಮಾತ್ರ ಹೇಳ್ತೀನಿ. ರಾಯರಿಗೆ ದಿನಾ ಎರಡು ಹೊತ್ತು ಇಂಜೆಕ್ಷನ್ ಆಗ್ಬೇಕು. ಶುಕ್ರವಾರದಿಂದ ಬಿದ್ದಿಲ್ಲ. ಸಿಕ್ಕಿದ್ರೂ ಸಂಜೆಗೆ ಜೀವ ಇರತ್ತೋ ಇಲ್ವೋ."

ಕೀಲಿಗಳ ಮೇಲಿದ್ದ ಬೆರಳುಗಳು ನಿಂತವು. "ಇಂಜೆಕ್ಷನ್ರಿ? ಅದನ್ನ ಚೀಟಿನ್ಯಾಗ ಬರದಿಲ್ಲಲ್ರಿ."

"ಮಗಳು ನಮಗೆ ಮಾತ್ರ ಹೇಳಿದ್ದು."

"ನಿದ್ದಿ ಭಾಳ ಬರ್ತದೇನ್ರಿ ಅದಕ್ಕ? ನೀರಡಿಕಿ?"

"ಎರಡೂ ಬರತ್ತೆ," ಎಂದರು ಮುನಿಆಂಜನಪ್ಪ, ಅವನ ಮುಖ ನೋಡದೆ.

ಹತ್ತು ನಿಮಿಷದಲ್ಲಿ ಅವನು ಕೆರೆಯ ದಂಡೆಯ ಸಭೆಗೆ ಏರ್ಪಾಡು ಮಾಡಬೇಕೆಂದು ಎದ್ದ. ಬೈಕು ಹಲಸೂರಿನ ಕಡೆ ತಿರುಗಲಿಲ್ಲ, ಕೆ.ಆರ್.ಪುರಂ ರಸ್ತೆ ಹಿಡಿಯಿತು. ಹಿಂದೆ ಪಾಷಾ, ಅವನ ಹಿಂದೆ ದೂರದಲ್ಲಿ ಜೀಪು. ರೈಲು ನಿಲ್ದಾಣದ ಹತ್ತಿರದ ಔಷಧದ ಅಂಗಡಿಯ ಮುಂದೆ ಪ್ರವೀಣ ಇಳಿದ. ಅಂಗಡಿಯವನು ಡಾಕ್ಟರ ಚೀಟಿಯಿಲ್ಲದೆ ಯಾವ ಇಂಜೆಕ್ಷನ್ನೂ ಕೊಡಲಾರೆನೆಂದು ತಲೆಯಾಡಿಸುವುದು ಪಾಷಾನಿಗೆ ಕಂಡಿತು. ಪ್ರವೀಣ ಎರಡು ಹೆಜ್ಜೆ ಹೋಗಿ ಮರಳಿ ಬಂದು ಬೇರೇನನ್ನೋ ಕೊಂಡು, ಓಡುತ್ತ ಗಲ್ಲಿಯೊಂದನ್ನು ಹೊಕ್ಕ.

ಪಾಷಾ ಅಂಗಡಿಗೆ ಹೋಗಿ ವಿಚಾರಿಸಿದ. "ಏನ್ ತಗೊಂಡ?"

"ಗ್ಲೂಕೋಸ್ ಪುಡಿ ಸಾರ್. ಯಾರಿಗೋ ಸುಸ್ತಂತೆ."

ಪಾಷಾ ಓಡಿದ; ಜೀಪಿನಿಂದ ಇಳಿದ ಮುನಿಆಂಜನಪ್ಪ ಆಗಲೇ ಪ್ರವೀಣನ ಬೆನ್ನು ಹಿಡಿದು ಗಲ್ಲಿಯ ಕಟ್ಟಡವೊಂದರ ಮೆಟ್ಟಿಲೇರುತ್ತಿದ್ದರು. ಮೂರನೆಯ ಮಹಡಿಯ ಕೋಣೆಯ ಕದವನ್ನು ಮುನಿಆಂಜನಪ್ಪ ಹೆಗಲಿನಿಂದ ತಳ್ಳಿದಾಗ, ಭಗವಂತರಾಯರು ಚಾಪೆಯ ಮೇಲೆ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡುತ್ತಿದ್ದರು. ತಲೆಗೆ ದಿಂಬಿತ್ತು, ಮೈಗೆ ಶುಭ್ರವಾದ ಹೊದಿಕೆಯಿತ್ತು. ಪ್ರವೀಣ ಅವರ ತಲೆಯನ್ನು ತೊಡೆಯ ಮೇಲಿರಿಸಿಕೊಂಡು, ಗ್ಲೂಕೋಸ್ ಕಲಸಿದ ನೀರಿನ ಲೋಟವನ್ನು ತುಟಿಗೆ ತಂದಿದ್ದ.

ಮುನಿಆಂಜನಪ್ಪ ಲೋಟವನ್ನು ಕಿತ್ತುಕೊಂಡರು. "ಅದು ಅವರಿಗೆ ವಿಷ ಕಣೋ."

ರಾಯರನ್ನು ಜೀಪಿನಲ್ಲಿ ಹತ್ತಿರದ ಆಸ್ಪತ್ರೆಗೆ ಸಾಗಿಸಲಾಯಿತು. ಕೋಣೆಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು: ಚಾಪೆ, ಲೋಟ, ಕ್ಯಾಮೆರಾ, ಲ್ಯಾಪ್‌ಟಾಪ್ ಜಪ್ತಿ. ಅಪಹರಣ, ಅಕ್ರಮ ಬಂಧನದ ಕಲಮುಗಳನ್ನು ಸೇರಿಸಿ ಮಧ್ಯಾಹ್ನ ಒಂದೂವರೆಗೆ ಪ್ರವೀಣನನ್ನು ದಸ್ತಗಿರಿ ಮಾಡಲಾಯಿತು.

"ಶುಭಚಿಂತಕ ನೀನೇನಾ?"

"ಹೌದ್ರಿ."

"ಸಂಜೆ ಕೆರೆ ಹತ್ರ ಬಿಟ್ಟು, ಬಳಗದವರೇ ಹುಡುಕಿದ್ರು ಅನ್ನಿಸ್ಬೇಕು ಅಂತಿದ್ದೆ."

"ಹೌದ್ರಿ. ಊಟಾ, ಹಾಸಿಗಿ ಎಲ್ಲಾ ಕೊಟ್ಟಿದ್ದೆ ಸರ. ಇಂಜೆಕ್ಷನ್ ಒಂದು ಗೊತ್ತಿರಲಿಲ್ಲ."

"ಆರು ಸಾವಿರ ಜನ ಇಟ್ಕೊಂಡು ಏನ್ ಮಾಡೋನಿದ್ದೆ?"

ಅವನು ಕಿಟಕಿಯ ಕಡೆ ನೋಡಿದ. ಕೆಳಗೆ ಕೆ.ಆರ್.ಪುರಂ ನಿಲ್ದಾಣದ ಮೇಲ್ಸೇತುವೆ, ಅದರ ಮೇಲೆ ಹರಿಯುವ ಜನ. ಆಮೇಲೆ, ಬಳಗದ ಮೊಟ್ಟಮೊದಲ ಬರಹವನ್ನು ತೆಗೆದು ನೋಡಿರೆಂದ. ಪಾಷಾ ತೆಗೆದ. ಇಳಕಲ್ ಸೀರೆಯುಟ್ಟ, ಹಣೆಯ ತುಂಬ ವಿಭೂತಿ ಧರಿಸಿದ ಹೆಂಗಸೊಬ್ಬಳ ಚಿತ್ರ. 'ನಮ್ಮವ್ವ ಪ್ರೇಮಕ್ಕ. ಕೆ.ಆರ್.ಪುರಂ ಸ್ಟೇಷನ್ನಿನಲ್ಲಿ ತಪ್ಪಿಸಿಕೊಂಡಾಳೆ. ದಯವಿಟ್ಟು ಹುಡುಕಿ.' ಎರಡು ವರ್ಷದ ಹಿಂದಿನದು. ಅದಕ್ಕೆ ಒಂದೇ ಒಂದು ಉತ್ತರವಿರಲಿಲ್ಲ.

"ಆವಾಗ ಬಳಗದಾಗ ನಾ ಒಬ್ಬನೇ ಇದ್ದೆ ಸರ," ಎಂದ ಪ್ರವೀಣ. "ನೀರ ತರಾಕ ಇಳದಿದ್ದೆ, ಹೊಳ್ಳಿ ಬರೂದ್ರಾಗ ಇರಲಿಲ್ಲ. ಈ ಖೋಲಿ ಹಿಡದಿದ್ದೂ ಅದಕ್ಕ. ಅಜ್ಜಾರು ಸಿಕ್ಕಾರಂತ ಮಂದಿ ಖುಷೀಲೆ ಕುಂತಿರ್ತಾರಲ್ರಿ, ಅವರು ಎದ್ದ ಹೋಗೂದ್ರಾಗ ಅವ್ವನ ಫೋಟೋ ಇನ್ನೊಮ್ಮೆ ಹಾಕಬೇಕಂತ ಇದ್ದೆ."

ಆಸ್ಪತ್ರೆಯಿಂದ ಫೋನು ಬಂತು: ಪ್ರಾಣಕ್ಕೆ ಅಪಾಯವಿಲ್ಲ. ಮಂಗಳವಾರ ಎಚ್ಚರವಾದ ಭಗವಂತರಾಯರು ಮಗಳನ್ನು ಮೊದಲು ಕೇಳಿದ್ದು, ಊರಿನ ಹುಡುಗ ಉಂಡನೇ ಎಂದು. ಪ್ರತಿಭಾ ಮುಖ ಆಚೆ ತಿರುಗಿಸಿ, "ಉಂಡಾನ್ರಿ ಅಪ್ಪಾ," ಎಂದಳು.

ಆ ಭಾನುವಾರವೇ ಠಾಣೆಗೆ ಮರಳಿದ ಮೇಲೆ ಮುನಿಆಂಜನಪ್ಪ ಆರೋಪಿಯ ಹೇಳಿಕೆಗೆ ಸಹಿ ಹಾಕಿಸಿಕೊಂಡರು. ಲಾಕಪ್ಪಿನ ಕಡೆ ಹೊರಟವನನ್ನು ಕೈಸನ್ನೆಯಿಂದ ನಿಲ್ಲಿಸಿ, ಪಾಷಾನಿಗೆ ಹೊಸದೊಂದು ಹಾಳೆ ತರಲು ಹೇಳಿದರು.

"ನಿಮ್ಮ ತಾಯಿ ಎತ್ತರ ಎಷ್ಟಿದ್ರು? ಮೈಮೇಲೆ ಏನಾದ್ರೂ ಗುರುತು?"

ಪ್ರವೀಣ ಗೋಡೆಗೊರಗಿ ನಿಂತು ಮೆಲ್ಲಗೆ ಹೇಳತೊಡಗಿದ. ಅವರು ಬರೆದುಕೊಂಡರು.

ಈ ಸಂಗತಿಯನ್ನು ಓದಿದವರ, ಕೇಳಿದವರ ಮನೆಯ ಹಿರಿಯರು ದೀಪ ಹಚ್ಚುವ ಹೊತ್ತಿಗೆ ತಮ್ಮ ಬಾಗಿಲಿಗೆ ತಾವೇ ಬರಲಿ. ದಾರಿ ತಪ್ಪಿದವರಿಗೆ ಹೆಸರು ಕೇಳುವ ಒಬ್ಬರಾದರೂ ಸಿಗಲಿ. ಸರ್ವಸಾಕ್ಷಿಯ ಕಣ್ಣು ಎಲ್ಲರ ಮೇಲೂ ಇರಲಿ. ಎಲ್ಲರಿಗೂ ಮಂಗಳವಾಗಲಿ.