ತಿರುವಿಗೆ ಹಾಕಿದ ಹಸಿ ಸೊಪ್ಪು

ನವೆಂಬರ್ ಹನ್ನೆರಡು, ಬುಧವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶಿರಸಿ ಠಾಣೆಯ ಮೆಟ್ಟಿಲು ಹತ್ತಿ ಬಂದ ನಾಗಪತಿಯ ಅಂಗಿಯ ತೋಳಿನಲ್ಲಿ ರಕ್ತ ಒಣಗಿತ್ತು. ಆತ 108 ಆಂಬುಲೆನ್ಸಿನ ಚಾಲಕ, ದಿನಾ ರಕ್ತ ನೋಡುವವನು. ಆದರೆ ಇವತ್ತಿನದು ಅವನ ಜೊತೆ ಕೆಲಸ ಮಾಡುವ ನರ್ಸ್ ಪ್ರತಿಭಾಳ ರಕ್ತ.

"ಕೂತ್ಕೊಳ್ಳಿ. ಎಂತ ಆಯ್ತು, ಮೊದಲಿಂದ ಹೇಳಿ," ಎಂದರು ಪಿಎಸ್‌ಐ ನಮಿತಾ.

ಸಿದ್ದಾಪುರ ರಸ್ತೆಯ ಹಲಸಿನಕೊಪ್ಪದ ತಿರುವಿನಲ್ಲಿ ಕಿರಣ ಎಂಬ ಲೈನ್‌ಮ್ಯಾನ್ ಬೈಕ್ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನನ್ನು ಸ್ಟ್ರೆಚರಿಗೆ ಹಾಕಿ ಎತ್ತುವಾಗ ತಿರುವಿನಿಂದ ಗಾಡಿಯೊಂದು ನುಗ್ಗಿ ಬಂತು. ಪ್ರತಿಭಾ ಸ್ಟ್ರೆಚರನ್ನು ಚರಂಡಿಯ ಕಡೆ ನೂಕಿದಳು. ಕಿರಣ ಉಳಿದ. ಅವಳ ಕಾಲು ಗಾಡಿಗೆ ಸಿಕ್ಕಿತು.

"ಲೈಟು ಹಾಕಿದ್ದೆ ಮೇಡಂ. ತಿರುವಿನ ಆಚೆ ಅಕೇಶಿಯಾ ಟೊಂಗೆ ಎರಡು ಮುರಿದು ರಸ್ತೆಗೆ ಹಾಕಿದ್ದೆ. ಕಾಣ್ಲಿ ಅಂತ ಆಂಬುಲೆನ್ಸಿನ ಕೆಂಪು ಕಸದ ಚೀಲ ಹರಿದು ಎರಡಕ್ಕೂ ಕಟ್ಟಿದ್ದೆ. ಇನ್ನೆಂತ ಮಾಡ್ಬೇಕಿತ್ತು ನಾನು?"

"ಗಾಡಿ?"

"ಬಿಳಿ ಪಿಕಪ್. ನಂಬರ್ ನೋಡ್ಲಿಲ್ಲ. ಸಿಸ್ಟರ್‌ನ ನೋಡ್ಬೇಕಾ, ನಂಬರ್ ನೋಡ್ಬೇಕಾ?"

"ನಿಲ್ಲಿಸಿದನಾ?"

"ಒಂದು ಗಳಿಗೆ ಸ್ಲೋ ಮಾಡ್ದ. ಆಮೇಲೆ ಒತ್ತಿದ ನೋಡಿ, ಹೊಗೆ ಮಾತ್ರ ಕಂಡಿತು."

ನಮಿತಾರ ಮೈ ಉರಿದುಹೋಯಿತು. ಬಿದ್ದವನನ್ನು ಎತ್ತಲು ಬಂದವಳ ಮೇಲೆ ಗಾಡಿ ಹಾಯಿಸಿ, ಕನ್ನಡಿಯಲ್ಲಿ ನೋಡಿ, ಮತ್ತೆ ಓಡಿಹೋಗುವುದೆಂದರೆ ಅವನೆಂಥ ಮನುಷ್ಯ! ಎಫ್‌ಐಆರ್ ದಾಖಲಾಯಿತು. ಪ್ರತಿಭಾಳನ್ನು ಆಗಲೇ ಹುಬ್ಬಳ್ಳಿಗೆ ಸಾಗಿಸಿದ್ದರು. ಕಾಲು ಉಳಿಯುತ್ತದೋ ಇಲ್ಲವೋ ಅಲ್ಲಿಯವರು ನಾಳೆ ಹೇಳುತ್ತಾರೆ ಎಂದಿದ್ದರು ಶಿರಸಿಯ ವೈದ್ಯರು.

ಸ್ಥಳ ಪಂಚನಾಮೆಗೆ ಹೋದರೆ ಅಲ್ಲಿಯೂ ಅದೇ ಕತೆ. ಪೊಲೀಸ್ ಜೀಪು ನಿಂತಿದೆ, ಹೆಡ್ ಕಾನ್‌ಸ್ಟೆಬಲ್ ಆನಂದ ಸೀಟಿ ಊದಿ ಊದಿ ಸುಸ್ತಾಗಿದ್ದಾನೆ, ಗಾಡಿಗಳು ಮಾತ್ರ ರೊಂಯ್ಯನೆ ಪಕ್ಕದಲ್ಲೇ ಹೋಗುತ್ತಿವೆ. ಜಲಪಾತ ನೋಡಲು ಹೊರಟ ಕಾರಿನವನೊಬ್ಬ ಕಿಟಕಿಯಿಂದ ಮೊಬೈಲ್ ಹೊರಗೆ ಚಾಚಿ ವಿಡಿಯೋ ಮಾಡಿಕೊಂಡೇ ಹೋದ. ಅಡ್ಡ ಇಡೋಣವೆಂದರೆ ಠಾಣೆಯ ರಬ್ಬರ್ ಕೋನ್‌ಗಳೆಲ್ಲ ಯಾರೋ ಮಂತ್ರಿಗಳ ಬಂದೋಬಸ್ತಿಗೆ ಹೋಗಿದ್ದವು. ಮಂತ್ರಿಗಳ ಕಾರಿಗೆ ಕೋನ್, ರಸ್ತೆಯಲ್ಲಿ ಮಂಡಿಯೂರಿ ಜೀವ ಉಳಿಸುವ ನರ್ಸಿಗೆ ಎರಡು ಟೊಂಗೆ ಸೊಪ್ಪು!

ಪಂಚರ ಎದುರು ಒಡೆದ ಕನ್ನಡಿಯ ಚೂರುಗಳನ್ನು ಆಯ್ದು ಚೀಲಕ್ಕೆ ಹಾಕಿದರು. ತಿರುವಿನ ಆಚೆ ಕೆಂಪು ಪಟ್ಟಿ ಕಟ್ಟಿದ ಅಕೇಶಿಯಾ ಟೊಂಗೆ ಒಂದೇ ಇತ್ತು. ಇನ್ನೊಂದು ಎಷ್ಟು ಹುಡುಕಿದರೂ ಇಲ್ಲ. ಅದರ ಬದಲು ಬಾಡಿ ಕಂದಿದ, ಕೌಲು ಮರದ ಅಗಲ ಎಲೆಯ ಸೊಪ್ಪು, ಎರಡು ಕಲ್ಲು ಬಿದ್ದಿದ್ದವು.

"ಇದು ಹಳೇದು ಮೇಡಂ," ಎಂದ ಆನಂದ. "ಯಾರದೋ ಗಾಡಿ ಕೆಟ್ಟಾಗ ಹಾಕಿದ್ದು."

"ನಮ್ಮ ಜನಕ್ಕೆ ಸೊಪ್ಪು ಹಾಕೋದು ಗೊತ್ತು, ತೆಗೆಯೋದು ಮಾತ್ರ ಗೊತ್ತಿಲ್ಲ," ಎಂದು ನಮಿತಾ ಗೊಣಗಿ, ಫೋಟೋ ತೆಗೆಸಿ ಜೀಪು ಹತ್ತಿದರು.

ಕಾಣೆಯಾದ ಟೊಂಗೆ ಸಂಜೆ ಸಿಕ್ಕಿತು, ಪೆಟ್ರೋಲ್ ಬಂಕಿನ ಸಿಸಿ ಕ್ಯಾಮೆರಾದಲ್ಲಿ. ಸಿದ್ದಾಪುರದ ಕಡೆ ಹೋಗುತ್ತಿದ್ದ ಬಿಳಿ ಪಿಕಪ್ಪಿನ ಹೊಟ್ಟೆಯ ಕೆಳಗೆ ಸೊಪ್ಪು ರಸ್ತೆಗೆ ಉಜ್ಜುತ್ತಾ ಹೋಗುತ್ತಿತ್ತು, ತುದಿಯಲ್ಲಿ ಕೆಂಪು ಪಟ್ಟಿ. ನಂಬರ್ ಸ್ಪಷ್ಟವಾಗಿತ್ತು. ಮಾಲೀಕ ಹೆಗ್ಗರಣೆ ಕಡೆಯ ಕಮಲಾಕರ ಹೆಗಡೆ, ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವವನು.

ಮರುದಿನ ಬೆಳಿಗ್ಗೆ ಅವನ ಅಂಗಳದಲ್ಲಿ ಜೀಪು ನಿಂತಿತು.

"ನಿನ್ನೆ ಶಿರಸಿಯಿಂದ ಬಂದ್ರಾ?"

"ಇಲ್ಲ ಮೇಡಂ. ಮನೇಲೇ ಇದ್ದೆ."

"ಗಾಡಿ?"

"ಗ್ಯಾರೇಜಿಗೆ ಕೊಟ್ಟಿದ್ದೆ."

ಕೊಟ್ಟಿಗೆಯ ಹಿಂದೆ ಮದುವೆ ಮನೆಯ ಶಾಮಿಯಾನ ಬಟ್ಟೆ ಹೊದ್ದು ಪಿಕಪ್ ನಿಂತಿತ್ತು. ಆನಂದ ಬಟ್ಟೆ ಸರಿಸಿದ. ಎಡಗಡೆಯ ಕನ್ನಡಿ ಇರಲಿಲ್ಲ. ಬಗ್ಗಿ ನೋಡಿದರೆ ಆಕ್ಸಲ್ಲಿಗೆ ಸೊಪ್ಪು ಸಿಕ್ಕಿಕೊಂಡಿತ್ತು, ಕೆಂಪು ಪಟ್ಟಿಯ ಸಮೇತ.

"ಇದೆಂತ?"

"ಅದಾ? ಭಾನುವಾರ ನಮ್ಮ ಗಾಡಿ ಪಂಕ್ಚರ್ ಆಗಿತ್ತು. ಆಗ ಹಾಕಿದ ಸೊಪ್ಪು, ಸಿಕ್ಕಿಹಾಕ್ಕೊಂಡಿರ್ಬೇಕು."

"ಎಲ್ಲಿ ಪಂಕ್ಚರ್ ಆಗಿದ್ದು?"

"ಹಲಸಿನಕೊಪ್ಪದ..." ಎಂದವನು ನಾಲಿಗೆ ಕಚ್ಚಿಕೊಂಡ.

"ನೀವು ಹಾಕಿದ್ದು ಕೌಲಿನ ಸೊಪ್ಪು. ಅದು ಬಾಡಿ ಅಲ್ಲೇ ಬಿದ್ದಿದೆ. ಇದು ಅಕೇಶಿಯಾ. ಇದಕ್ಕೆ ಆಂಬುಲೆನ್ಸಿನ ಚೀಲ ಕಟ್ಟಿದವರು ಯಾರು? ನೀವಾ?"

ಕಮಲಾಕರ ಅಲ್ಲೇ ಕಟ್ಟೆಯ ಮೇಲೆ ಕೂತ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುಬ್ಬಲಕ್ಷ್ಮಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇನ್ನು ಮುಚ್ಚಿಟ್ಟು ಎಂತಾ ಪ್ರಯೋಜನ ಇಲ್ಲೆ, ಹೇಳ್ಬಿಡಿ. ನಂಗೆ ನೋಡಲಾಗ್ತಿಲ್ಲೆ," ಎಂದಳು.

"ಸೊಪ್ಪು ಕಂಡಿತ್ತು ಮೇಡಂ," ಎಂದ ಅವನು, ತಲೆ ಎತ್ತದೆ. "ನಂದೇ ಅಂದ್ಕೊಂಡೆ, ಕೆಂಪು ಪಟ್ಟಿ ನೋಡ್ಲೇ ಇಲ್ಲ. ಭಾನುವಾರ ಟಯರ್ ಬದಲಿಸಿ ಹಾಗೇ ಹೊರಟಿದ್ದೆ, ತೆಗೆದಿರಲಿಲ್ಲ. ಆಚೆ ಎಂತ ಇರ್ತದೆ ಅಂತ ಅದರ ಮೇಲೇ ಹಾಯಿಸಿದೆ. ಮದುವೆ ಮನೆಗೆ ಪಾತ್ರೆ ಮುಟ್ಟಿಸೋ ಗಡಿಬಿಡಿ ಬೇರೆ."

"ಓಡಿಹೋಗಿದ್ದು ಯಾಕೆ?"

"ಜನ ಸೇರಿ ಹೊಡೀತಾರೆ ಅಂತ ಹೆದರಿಕೆ."

"ಯಾವ ಜನ?" ನಮಿತಾರ ದನಿ ಅಂಗಳದ ಆಚೆಯವರೆಗೂ ಕೇಳಿಸಿತು. "ಅಲ್ಲಿದ್ದವರು ಮೂರೇ ಜನ. ಒಬ್ಬ ಸೊಂಟ ಮುರಿದವ, ಇನ್ನೊಬ್ಬಳು ನೀವು ಕೆಡವಿದವಳು. ನಾಗಪತಿ ಇಬ್ಬರನ್ನೂ ಒಬ್ಬನೇ ಎಳೆದು ಗಾಡಿಗೆ ಹಾಕಿದ. ನೀವು ಇಳಿದಿದ್ದರೆ ಸ್ಟ್ರೆಚರಿನ ಇನ್ನೊಂದು ತುದಿ ಹಿಡಿಯಲು ಒಂದು ಜನ ಆಗ್ತಿತ್ತಲ್ರೀ!"

ಟೊಂಗೆಯನ್ನೂ ಪಿಕಪ್ಪನ್ನೂ ಜಪ್ತಿ ಮಾಡಿ, ಬಂಧನದ ವಿಷಯ ಹೆಂಡತಿಗೆ ತಿಳಿಸಿ ಕಮಲಾಕರನನ್ನು ಜೀಪು ಹತ್ತಿಸಿದರು. ಜಾಮೀನು ಸಿಗುವ ಕಲಮುಗಳು. ಸಂಜೆಯೊಳಗೆ ಮನೆಗೆ ಬಂದರೂ ಬಂದಾನು ಎಂಬುದು ನಮಿತಾರಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು.

ದಾರಿಯಲ್ಲಿ ಹುಬ್ಬಳ್ಳಿಯಿಂದ ನಾಗಪತಿಯ ಫೋನ್ ಬಂತು. ಪ್ರತಿಭಾಳ ಎಡಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತಂತೆ. ಎಚ್ಚರವಾದೊಡನೆ ಕೇಳಿದ್ದು ಕಿರಣ ಹೇಗಿದ್ದಾನೆ ಎಂದಂತೆ. ಹಿಂದಿನ ಸೀಟಿನಲ್ಲಿ ಕಮಲಾಕರನಿಗೂ ಅದು ಕೇಳಿಸಿತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಹಲಸಿನಕೊಪ್ಪದ ತಿರುವು ಬಂತು. ಕೌಲಿನ ಸೊಪ್ಪು ಹಾಗೇ ಬಿದ್ದಿತ್ತು. ನಿನ್ನೆ ಗೊಣಗಿದ್ದೆ, ಫೋಟೋ ತೆಗೆಸಿದ್ದೆ, ನಾನೂ ತೆಗೆಯಲಿಲ್ಲವಲ್ಲ ಎಂದು ನಮಿತಾರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಜೀಪು ನಿಲ್ಲಿಸಲು ಹೇಳಿದರು.

"ನಾನು ತೆಗೀಲಾ ಮೇಡಂ?" ಎಂದು ಕಮಲಾಕರ ಸಣ್ಣ ದನಿಯಲ್ಲಿ ಕೇಳಿದ.

"ನೀವು ಭಾನುವಾರ ತೆಗೀಬೇಕಿತ್ತು."

ಆನಂದ ಕೆಂಪು ಬಾವುಟ ಹಿಡಿದು ತಿರುವಿನ ಆಚೆ ನಿಂತ. ನಮಿತಾ ಸೊಪ್ಪನ್ನು ಸಾಕ್ಷಿಗೆಂದು ಚೀಲಕ್ಕೆ ತುಂಬಿ, ಕಲ್ಲುಗಳನ್ನು ಎತ್ತಲು ಬಗ್ಗಿದರು. ಆಚೆಯಿಂದ ಬಂದ ಕಾರೊಂದು ಆನಂದನ ಎದುರು ಗಕ್ಕನೆ ನಿಂತು, ಬಿಡದೆ ಹಾರ್ನ್ ಹೊಡೆಯತೊಡಗಿತು.